ಕಿಟಕಿಯಲ್ಲಿ ಕೂತ ಹುಡುಗ: ರ‍್ಯಾಪರ್ ನಾಸ್ ಬಗ್ಗೆ ಒಂದು ಸಂಜೆಯ ಮಾತು

ಕಳೆದ ತಿಂಗಳು ನಮ್ಮ ಬಡಾವಣೆಯ ಓದುಗರ ಬಳಗದಲ್ಲಿ ಆಡಿದ ಮಾತಿನ ಬರಹ ರೂಪ ಇದು. ಆವತ್ತು ನಡುನಡುವೆ ಹಾಡು ಹಾಕಿ ಕೇಳಿಸಿದ್ದೆ. ಆ ಜಾಗಗಳಲ್ಲಿ ಒಂದೆರಡು ಸಾಲು ವಿವರಣೆ ಸೇರಿಸಿದ್ದೇನೆ, ಅಷ್ಟೇ.

ಎಲ್ಲರಿಗೂ ನಮಸ್ಕಾರ.

ಈ ಮಹಡಿಯ ಮೇಲೆ ವಚನದ ಬಗ್ಗೆ ಮಾತಾಗಿದೆ, ದಾಸರ ಪದದ ಬಗ್ಗೆ ಮಾತಾಗಿದೆ. ಇವತ್ತು ರ‍್ಯಾಪ್ ಅಂತ ಗೊತ್ತಾದಕೂಡಲೇ ಮುಂದಿನ ಸಾಲಿನ ಹಿರಿಯರೊಬ್ಬರು ನನ್ನನ್ನು ಬಾಗಿಲಲ್ಲೇ ಹಿಡಿದು "ತುಂಬಾ ಜೋರಾಗಿ ಹಾಕ್ತೀಯೇನಪ್ಪಾ?" ಅಂತ ಕೇಳಿದರು. ಸ್ವಲ್ಪ ಹಾಕುತ್ತೇನೆ ಸಾರ್, ಸಹಿಸಿಕೊಳ್ಳಿ. ಪಕ್ಕದ ಮನೆಯವರಿಗೂ ಹೇಳಿಟ್ಟಿದ್ದೇನೆ.

ಇನ್ನೊಂದು ಮಾತು. ಇವತ್ತು ನಾಸ್‌ನನ್ನು 'ಅವನು' ಅಂತಲೇ ಕರೆಯುತ್ತೇನೆ. ಅವನಿಗೆ ಐವತ್ತು ದಾಟಿದೆ, ನನಗಿಂತ ದೊಡ್ಡವನು. ಆದರೆ ಇಪ್ಪತ್ತು ವರ್ಷ ಕಿವಿಯಲ್ಲೇ ಇಟ್ಟುಕೊಂಡವನನ್ನು ಬಹುವಚನದಲ್ಲಿ ಕರೆದರೆ ಯಾರೋ ಬೇರೆಯವರ ಬಗ್ಗೆ ಮಾತಾಡಿದ ಹಾಗಾಗುತ್ತದೆ.

ನಾನು ಅವನನ್ನು ಮೊದಲು ಕೇಳಿದ್ದು ಹಾಸ್ಟೆಲ್‌ನಲ್ಲಿ. ರೂಮ್‌ಮೇಟ್ ಹತ್ತಿರ ಒಂದು ಎಂಪಿ3 ಸಿಡಿ ಇತ್ತು. ನೂರೈವತ್ತು ಹಾಡು, ಒಂದಕ್ಕೂ ನೆಟ್ಟಗೆ ಹೆಸರಿಲ್ಲ. ಆಗ ನಮಗೆ ರ‍್ಯಾಪ್ ಅಂದರೆ ಚಿನ್ನದ ಸರ, ಉದ್ದನೆ ಕಾರು, ಬೈಗುಳ. ಅದರಲ್ಲಿ ಒಂದು ಹಾಡು ಬಂತು. ಹಿಂದೆ ಪಿಯಾನೊದ ಒಂದು ಕತ್ತಲ ತುಣುಕು ಸುತ್ತುತ್ತಿತ್ತು. ಅದರ ಮೇಲೆ ಒಬ್ಬ ಹುಡುಗ ಉಸಿರು ತೆಗೆದುಕೊಳ್ಳದೆ ಮಾತಾಡುತ್ತಿದ್ದ. ಕೂಗುತ್ತಿರಲಿಲ್ಲ. ನನಗೆ ಒಂದು ಪದವೂ ಹಿಡಿಯಲಿಲ್ಲ. ಆದರೆ ಕಣ್ಣಾರೆ ಕಂಡದ್ದನ್ನು ಮರೆಯುವ ಮೊದಲೇ ಹೇಳಿಬಿಡಬೇಕು ಅನ್ನುವ ಅವಸರ ಗೊತ್ತಾಯಿತು. ಆ ಹಾಡಿನ ಮಾತುಗಳನ್ನು ಒಂದೊಂದಾಗಿ ಕೇಳಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳೋಕೆ ಒಂದು ತಿಂಗಳು ಹಿಡಿಯಿತು. ಆ ಸೆಮಿಸ್ಟರ್ ಒಂದು ವಿಷಯ ಹೋಯಿತು ಕೂಡ. ಅದು ಬೇರೆ ಕಥೆ.

ಹಾಡಿನ ಹೆಸರು 'ಎನ್.ವೈ. ಸ್ಟೇಟ್ ಆಫ್ ಮೈಂಡ್'. ಹುಡುಗನ ಹೆಸರು ನಾಸ್.

ಅವನ ಕಥೆಗೆ ಮೊದಲು ಹಿಪ್‌ಹಾಪ್‌ನ ಕಥೆ ಸ್ವಲ್ಪ ಹೇಳಲೇಬೇಕು. ಯಾಕೆಂದರೆ ಇಬ್ಬರದ್ದೂ ಒಂದೇ ವಯಸ್ಸು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಡ್ಜ್‌ವಿಕ್ ಅವೆನ್ಯೂ 1520ನೇ ನಂಬರಿನ ಅಪಾರ್ಟ್‌ಮೆಂಟ್. 1973ರ ಆಗಸ್ಟ್ 11. ಶಾಲೆ ಶುರುವಾಗುವ ಮುಂಚೆ ಹೊಸ ಬಟ್ಟೆಗೆ ದುಡ್ಡು ಬೇಕು ಅಂತ ಸಿಂಡಿ ಕ್ಯಾಂಪ್‌ಬೆಲ್ ಅನ್ನುವ ಹುಡುಗಿ ಅಲ್ಲಿ ಟಿಕೆಟ್ ಇಟ್ಟು ಒಂದು ಪಾರ್ಟಿ ಮಾಡಿದಳು. ರೆಕಾರ್ಡ್ ಹಾಕಿದ್ದು ಅವಳ ಅಣ್ಣ, ಜಮೈಕಾದಿಂದ ಬಂದ ಡಿಜೆ ಕೂಲ್ ಹರ್ಕ್. ಹಾಡಿನಲ್ಲಿ ಎಲ್ಲ ನಿಂತು ಬರೀ ಡ್ರಮ್ ಉಳಿಯುವ ಜಾಗ ಬರುತ್ತದಲ್ಲ, ಕುಣಿಯುವವರು ಅದಕ್ಕೇ ಕಾಯುತ್ತಾರೆ ಅಂತ ಹರ್ಕ್ ಕಂಡುಕೊಂಡ. ಆ ತುಣುಕನ್ನೇ ಎಳೆದು ಎಳೆದು ನುಡಿಸಿದ. ಅದರ ಮೇಲೆ ಮೈಕ್ ಹಿಡಿದು ಹೇಳುವ ಮಾತು ಬೆಳೆದು ರ‍್ಯಾಪ್ ಆಯಿತು. ಎಲ್ಲರೂ ಆ ದಿನವನ್ನೇ ಹಿಪ್‌ಹಾಪ್‌ನ ಹುಟ್ಟುಹಬ್ಬ ಅಂತ ಆಚರಿಸುತ್ತಾರೆ.

ಅದಾಗಿ ಒಂದು ತಿಂಗಳು ಮೂರು ದಿನಕ್ಕೆ, ಸೆಪ್ಟೆಂಬರ್ 14ರಂದು, ಬ್ರೂಕ್ಲಿನ್‌ನಲ್ಲಿ ನಾಸಿರ್ ಬಿನ್ ಓಲು ದಾರಾ ಜೋನ್ಸ್ ಹುಟ್ಟಿದ.

ಅಪ್ಪ ಓಲು ದಾರಾ. ಮಿಸಿಸಿಪಿಯ ನ್ಯಾಚೆಜ್ ಊರಿನವರು, ಹುಟ್ಟುಹೆಸರು ಚಾರ್ಲ್ಸ್ ಜೋನ್ಸ್. ಕಾರ್ನೆಟ್ ನುಡಿಸುತ್ತಿದ್ದರು. ಕಾರ್ನೆಟ್ ಅಂದರೆ ಟ್ರಂಪೆಟ್‌ನ ತಮ್ಮ ಅಂದುಕೊಳ್ಳಿ. ಸ್ವಲ್ಪ ಗಿಡ್ಡ, ದನಿ ಸ್ವಲ್ಪ ಮೆತ್ತಗೆ. ಜಾಝ್ ಬಳಗದಲ್ಲಿ ಹೆಸರಿದ್ದ ಕಲಾವಿದರು, ಹಾಗಾಗಿ ಮನೆಯಲ್ಲಿ ಇದ್ದದ್ದು ಕಡಿಮೆ. ಅಮ್ಮ ಆನ್ ಜೋನ್ಸ್ ಅಂಚೆ ಇಲಾಖೆಯಲ್ಲಿ ಕೆಲಸ ಮಾಡುತ್ತಿದ್ದರು. ಮುಂದೆ ಗಂಡ ಹೆಂಡತಿ ಬೇರೆಯಾದರು. ನಾಸ್ ಮತ್ತು ಅವನ ತಮ್ಮನನ್ನು ಸಾಕಿದ್ದು ಅಮ್ಮನ ಸಂಬಳ.

ಮನೆ ಇದ್ದದ್ದು ಕ್ವೀನ್ಸ್‌ಬ್ರಿಡ್ಜ್‌ನಲ್ಲಿ. ಮ್ಯಾನ್‌ಹಟನ್‌ನಿಂದ ನದಿ ದಾಟಿದರೆ ಸೇತುವೆಯ ಪಕ್ಕದಲ್ಲೇ ಕಾಣುವ ಕಂದು ಇಟ್ಟಿಗೆಯ ಕಟ್ಟಡಗಳು. 1939ರಲ್ಲಿ ಶುರುವಾದ ಸರ್ಕಾರಿ ವಸತಿ. ಆರಾರು ಮಹಡಿ, ಒಟ್ಟು ಮೂರು ಸಾವಿರಕ್ಕೂ ಜಾಸ್ತಿ ಮನೆ. ಉತ್ತರ ಅಮೆರಿಕದಲ್ಲಿ ಇದಕ್ಕಿಂತ ದೊಡ್ಡ ಸರ್ಕಾರಿ ವಸತಿ ಇನ್ನೊಂದಿಲ್ಲ. ಕಟ್ಟುವಾಗ ಖರ್ಚು ಉಳಿಸೋಕೆ ಏನು ಮಾಡಿದರು ಗೊತ್ತಾ? ಲಿಫ್ಟ್ ಒಂದು, ಮೂರು, ಐದನೇ ಮಹಡಿಯಲ್ಲಿ ಮಾತ್ರ ನಿಲ್ಲುವ ಹಾಗೆ ಮಾಡಿದರು. ಉಳಿದವರು ಮೆಟ್ಟಿಲು ಹತ್ತಬೇಕು. ಇಂಥ ಕಡೆ ಮೆಟ್ಟಿಲಲ್ಲಿ ಜನ ಸಿಗುತ್ತಾರೆ. ಒಳ್ಳೆಯವರೂ ಸಿಗುತ್ತಾರೆ, ಬೇರೆಯವರೂ ಸಿಗುತ್ತಾರೆ. ಎಂಬತ್ತರ ದಶಕದಲ್ಲಿ ಕ್ರ್ಯಾಕ್ ಕೊಕೇನ್ ಬಂದ ಮೇಲೆ ಆ ಮೆಟ್ಟಿಲುಗಳ ಸ್ವರೂಪವೇ ಬದಲಾಯಿತು.

ಆದರೆ ಅದೇ ಕ್ವೀನ್ಸ್‌ಬ್ರಿಡ್ಜ್ ರ‍್ಯಾಪ್‌ನ ದೊಡ್ಡ ಪಾಠಶಾಲೆಯೂ ಹೌದು. ಮಾರ್ಲಿ ಮಾರ್ಲ್ ಅನ್ನುವ ನಿರ್ಮಾಪಕ ಅಲ್ಲಿಯವನು. ಇಲ್ಲಿ ನಿರ್ಮಾಪಕ ಅಂದರೆ ದುಡ್ಡು ಹಾಕುವವನಲ್ಲ, ಮಾತಿನ ಹಿಂದಿನ ತಾಳ-ಸಂಗೀತ, ಅಂದರೆ ಬೀಟ್, ಕಟ್ಟುವವನು. ಎಂಸಿ ಶಾನ್, ರಾಕ್ಸೇನ್ ಶಾಂಟೆ ಅನ್ನುವ ರ‍್ಯಾಪರ್‌ಗಳೂ ಅಲ್ಲಿಯವರು. ಶಾನ್ ತನ್ನ ಕೇರಿಯ ಬಗ್ಗೆ ಒಂದು ಹಾಡು ಮಾಡಿದ. 'ಹಿಪ್‌ಹಾಪ್ ಹುಟ್ಟಿದ್ದೇ ನಮ್ಮಲ್ಲಿ' ಅಂತ ಹೇಳಿದ ಹಾಗೆ ಬ್ರಾಂಕ್ಸ್‌ನವರಿಗೆ ಕೇಳಿಸಿತು. ಅಲ್ಲಿಂದ ಕೆಆರ್‌ಎಸ್-ಒನ್ ಅನ್ನುವ ರ‍್ಯಾಪರ್ ಉತ್ತರ ಕೊಟ್ಟ. ಎಂಥ ಉತ್ತರ ಅಂದರೆ ಕ್ವೀನ್ಸ್‌ಬ್ರಿಡ್ಜ್‌ನವರು ವರ್ಷಗಟ್ಟಲೆ ತಲೆ ಎತ್ತಲಿಲ್ಲ. ಉತ್ತರ ಕರ್ನಾಟಕದ ಕಡೆಯವರು ಇಲ್ಲಿದ್ದರೆ ಅವರಿಗೆ ಇದು ಹೊಸದಲ್ಲ. ಹರದೇಶಿ-ನಾಗೇಶಿ ಮೇಳಗಳಲ್ಲಿ ಒಂದು ಮೇಳ ಗಂಡು ಹೆಚ್ಚು ಅಂತ ಹಾಡಿದರೆ ಇನ್ನೊಂದು ಹೆಣ್ಣು ಹೆಚ್ಚು ಅಂತ ಎದ್ದು ನಿಲ್ಲುತ್ತದೆ. ಸವಾಲು, ಜವಾಬು, ಬೆಳಗಿನ ತನಕ. ಸೋತ ಮೇಳದ ಊರಿನವರ ಮುಖ ನೆನಪು ಮಾಡಿಕೊಳ್ಳಿ. ನಾಸ್ ಬೆಳೆದದ್ದು ಸೋತ ಮೇಳದ ಊರಿನಲ್ಲಿ.

ಎಂಟನೇ ಕ್ಲಾಸ್ ಆದ ಮೇಲೆ ಅವನು ಶಾಲೆ ಬಿಟ್ಟ. ಮೇಲಿನ ಮಹಡಿಯಲ್ಲಿ ವಿಲ್ಲಿ ಗ್ರಹಾಂ ಅಂತ ಗೆಳೆಯ ಇದ್ದ. ಎಲ್ಲರೂ ಅವನನ್ನು ಇಲ್ ವಿಲ್ ಅನ್ನುತ್ತಿದ್ದರು. ಅವನ ಹತ್ತಿರ ರೆಕಾರ್ಡ್‌ಗಳಿದ್ದವು. ಇಬ್ಬರೂ ಸೇರಿ ಬೀಟ್ ಹಾಕಿಕೊಂಡು ಪ್ರಾಸ ಕಟ್ಟುತ್ತಿದ್ದರು. 1991ರಲ್ಲಿ ಮೇನ್ ಸೋರ್ಸ್ ಅನ್ನುವ ತಂಡದ ಒಂದು ಹಾಡಿನಲ್ಲಿ ನಾಸ್‌ಗೆ ಮೊದಲ ಚರಣ ಸಿಕ್ಕಿತು. ಆಗ ಅವನ ಹೆಸರು ನಾಸ್ಟಿ ನಾಸ್, ವಯಸ್ಸು ಹದಿನೇಳು. ಆ ಒಂದು ಚರಣ ಕೇಳಿದವರು ಯಾರಪ್ಪ ಇವನು ಅಂತ ಹುಡುಕತೊಡಗಿದರು.

1992ರ ಮೇ ತಿಂಗಳಲ್ಲಿ ಇಲ್ ವಿಲ್‌ಗೆ ಗುಂಡು ಬಿತ್ತು. ಸತ್ತ. ಅದೇ ರಾತ್ರಿ ನಾಸ್‌ನ ತಮ್ಮನಿಗೂ ಗುಂಡು ತಗುಲಿತು, ಅವನು ಉಳಿದ. ಇದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ನಾಸ್‌ನ ಮುಂದಿನ ಮೂವತ್ತು ವರ್ಷದ ಆಲ್ಬಂಗಳಲ್ಲಿ ಇಲ್ ವಿಲ್ ಹೆಸರು ಎಷ್ಟು ಸಲ ಬರುತ್ತದೆ ಅಂತ ಕೇಳುತ್ತಾ ಹೋಗಿ, ಸಾಕು. ಮುಂದೆ ತಾನು ಶುರುಮಾಡಿದ ರೆಕಾರ್ಡ್ ಕಂಪನಿಗೂ ಅವನು ಆ ಗೆಳೆಯನ ಹೆಸರನ್ನೇ ಇಟ್ಟ.

ಎಂಸಿ ಸರ್ಚ್ ಅನ್ನುವ ರ‍್ಯಾಪರ್ ನಾಸ್‌ನ ಟೇಪನ್ನು ಕೊಲಂಬಿಯಾ ರೆಕಾರ್ಡ್ ಕಂಪನಿಗೆ ಮುಟ್ಟಿಸಿದ. 1994ರ ಏಪ್ರಿಲ್ 19ರಂದು ಮೊದಲ ಆಲ್ಬಂ ಬಂತು. 'ಇಲ್‌ಮ್ಯಾಟಿಕ್'. ಮುನ್ನುಡಿಯೂ ಸೇರಿ ಹತ್ತೇ ತುಣುಕು, ನಲವತ್ತು ನಿಮಿಷಕ್ಕೆ ಒಂಚೂರು ಕಡಿಮೆ. ಮುಖಪುಟದಲ್ಲಿ ಏಳು ವರ್ಷದ ನಾಸ್‌ನ ಮುಖ, ಆ ಮುಖದೊಳಗಿಂದ ಕಾಣುವ ಕ್ವೀನ್ಸ್‌ಬ್ರಿಡ್ಜ್ ಬೀದಿ.

ಆಗ ಒಂದು ರ‍್ಯಾಪ್ ಆಲ್ಬಂ ಅಂದರೆ ಸಾಮಾನ್ಯವಾಗಿ ಒಬ್ಬನೇ ನಿರ್ಮಾಪಕ, ಒಂದೇ ತಂಡ. ಈ ಹುಡುಗನಿಗೆ ನ್ಯೂಯಾರ್ಕಿನ ಅತಿ ಒಳ್ಳೆಯವರೆಲ್ಲ ಒಂದೊಂದು ಬೀಟ್ ಕೊಟ್ಟರು. ಡಿಜೆ ಪ್ರೀಮಿಯರ್, ಪೀಟ್ ರಾಕ್, ಲಾರ್ಜ್ ಪ್ರೊಫೆಸರ್, ಕ್ಯೂ-ಟಿಪ್, ಎಲ್.ಇ.ಎಸ್. ಮದುವೆ ಮನೆಗೆ ಊರಿನ ಐದು ಜನ ಒಳ್ಳೆ ಭಟ್ಟರು ಒಟ್ಟಿಗೆ ಬಂದ ಹಾಗೆ. ಆಮೇಲೆ ಎಲ್ಲರೂ ಹೀಗೇ ಮಾಡತೊಡಗಿದರು.

ನಾನು ಹಾಸ್ಟೆಲ್‌ನಲ್ಲಿ ಕೇಳಿದ ಆ ಹಾಡು ಇದರಲ್ಲಿದೆ. ಅದನ್ನು ಧ್ವನಿಮುದ್ರಿಸಿಕೊಂಡ ದಿನದ ಬಗ್ಗೆ ಪ್ರೀಮಿಯರ್ ಹಲವು ಸಲ ಹೇಳಿದ್ದಾನೆ. ಬೀಟ್ ಶುರುವಾಯಿತು. ನಾಸ್ ಕಾಗದ ಹಿಡಿದು ನಿಂತಿದ್ದ. ಹೇಗೆ ಶುರುಮಾಡಲಿ ಗೊತ್ತಾಗ್ತಿಲ್ಲ ಅಂತ ಗೊಣಗಿದ. ಪ್ರೀಮಿಯರ್ ಗಾಜಿನ ಆಚೆಯಿಂದ ಎಣಿಸಿ ಕೈ ತೋರಿಸಿದ. ಅಷ್ಟೇ, ಇಡೀ ಮೊದಲ ಚರಣ ಒಂದೇ ಏಟಿಗೆ ಬಂತು. ಆ ಗೊಣಗನ್ನು ಅವರು ತೆಗೆಯಲೇ ಇಲ್ಲ. ಈಗಲೂ ಕೇಳುತ್ತದೆ. (ಇಲ್ಲಿ ಆ ಮೊದಲ ನಿಮಿಷ ಹಾಕಿದೆ. ಹಿರಿಯರು ಕಿವಿ ಮುಚ್ಚಿಕೊಳ್ಳಲಿಲ್ಲ.)

ಈಗ ಪ್ರಾಸದ ವಿಷಯ. ನಮ್ಮ ಹಳೆಯ ಕಾವ್ಯದಲ್ಲಿ ಪ್ರಾಸ ಸಾಲಿನ ತಲೆಯಲ್ಲಿರುತ್ತದೆ, ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ. ಇಂಗ್ಲಿಷಿನಲ್ಲಿ ಬಾಲದಲ್ಲಿರುತ್ತದೆ. ಮೊದಮೊದಲ ರ‍್ಯಾಪ್ ಕೇಳಿದರೆ ಎಲ್ಲ ಬಾಲದ ಪ್ರಾಸವೇ, ಮಕ್ಕಳ ಪದ್ಯದ ಹಾಗೆ ಠಣ್ ಅಂತ ಬಂದು ಬೀಳುತ್ತದೆ. ಎಂಬತ್ತರ ದಶಕದ ಕೊನೆಯಲ್ಲಿ ರಾಕಿಮ್ ಅನ್ನುವ ರ‍್ಯಾಪರ್ ಬಂದು ಪ್ರಾಸವನ್ನು ಸಾಲಿನ ಹೊಟ್ಟೆಯೊಳಗೂ ತುಂಬಿದ. ನಾಸ್ ಅವನ ಶಿಷ್ಯ. ಇವನು ಇನ್ನೂ ಮುಂದೆ ಹೋದ. ಒಂದು ಅಕ್ಷರಕ್ಕಲ್ಲ, ಮೂರು ನಾಲ್ಕು ಅಕ್ಷರಗಳ ಗೊಂಚಲಿಗೇ ಪ್ರಾಸ ಕೂರಿಸಿದ. ಅದನ್ನು ಸಾಲು ಮುರಿಯುವ ಜಾಗದಲ್ಲಿ ಇಡದೆ ಮುಂದಿನ ಸಾಲಿನ ನಡುವೆ ಬಚ್ಚಿಟ್ಟ. ಹಾಗಾಗಿ ಕೇಳುವಾಗ ಪದ್ಯ ಅನಿಸುವುದಿಲ್ಲ, ಮಾತು ಅನಿಸುತ್ತದೆ. ಬರೆದುಕೊಂಡು ನೋಡಿದರೆ ಮಾತ್ರ ಒಳಗಿನ ನೇಯ್ಗೆ ಕಾಣುತ್ತದೆ. ನನ್ನ ಸೆಮಿಸ್ಟರ್ ಹೋದದ್ದು ಈ ನೇಯ್ಗೆ ಬಿಡಿಸುವುದರಲ್ಲೇ.

ಆ ಆಲ್ಬಂನಲ್ಲಿ ನನಗೆ ಇನ್ನೂ ಇಷ್ಟವಾದದ್ದು 'ಒನ್ ಲವ್'. ಅದು ಹಾಡಲ್ಲ, ಕಾಗದ. ಜೈಲಿನಲ್ಲಿರುವ ಗೆಳೆಯರಿಗೆ ಬರೆದದ್ದು. ನಮ್ಮ ಹಳೆಯ ಕಾಗದಗಳಲ್ಲಿ ಇರುತ್ತಿತ್ತಲ್ಲ, ಇತ್ತ ನಾವೆಲ್ಲ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯುವುದು, ಅದೇ ಧಾಟಿ. ನಿನಗೆ ಮಗ ಹುಟ್ಟಿದ್ದಾನೆ, ನಿನ್ನ ಹಾಗೇ ಇದ್ದಾನಂತೆ. ಅವಳು ನಿನಗೆ ಯಾಕೆ ಬರೆಯುತ್ತಿಲ್ಲ? ಇಂಥವನು ಈಗ ಇಂಥವರ ಜೊತೆ ಸೇರಿದ್ದಾನೆ. ಕೊನೆಯ ಭಾಗದಲ್ಲಿ ನಾಸ್ ಊರಿನ ಬೆಂಚಿನ ಮೇಲೆ ಹನ್ನೆರಡು ವರ್ಷದ ಒಬ್ಬ ಹುಡುಗನ ಜೊತೆ ಕೂರುತ್ತಾನೆ. ಆ ಹುಡುಗ ಆಗಲೇ ಬಂದೂಕಿನ ಲೆಕ್ಕದಲ್ಲಿ ಮಾತಾಡುತ್ತಿದ್ದಾನೆ. ಇಪ್ಪತ್ತು ವರ್ಷದವನು ಹನ್ನೆರಡು ವರ್ಷದವನಿಗೆ ಹಿರಿಯನಾಗಿ ಬುದ್ಧಿ ಹೇಳುವ ದೃಶ್ಯ ಅದು. ನೀತಿಪಾಠದ ಹಾಗೆ ಕೇಳುವುದಿಲ್ಲ, ಯಾಕೆಂದರೆ ಹೇಳುವವನಿಗೇ ತನ್ನ ಬುದ್ಧಿಮಾತಿನ ಮೇಲೆ ಪೂರ್ತಿ ನಂಬಿಕೆ ಇಲ್ಲ.

ಆಲ್ಬಂ ಒಳಗೆ ಗೆಳೆಯರೆಲ್ಲ ಒಟ್ಟಿಗೆ ಕೂತ ಒಂದು ಫೋಟೊ ಇದೆ. ಇಪ್ಪತ್ತು ವರ್ಷದ ನಂತರ ಬಂದ ಸಾಕ್ಷ್ಯಚಿತ್ರದಲ್ಲಿ ನಾಸ್‌ನ ತಮ್ಮ ಆ ಫೋಟೊದ ಮೇಲೆ ಬೆರಳಿಟ್ಟು ಒಬ್ಬೊಬ್ಬರನ್ನೇ ತೋರಿಸುತ್ತಾನೆ. ಇವನು ಜೈಲಿನಲ್ಲಿ. ಇವನೂ ಜೈಲಿನಲ್ಲಿ. ಬೆರಳು ಸರಿಯುತ್ತಾ ಹೋಗುತ್ತದೆ.

'ದಿ ಸೋರ್ಸ್' ಅನ್ನುವ ಹಿಪ್‌ಹಾಪ್ ಪತ್ರಿಕೆ ಈ ಆಲ್ಬಂಗೆ ಐದಕ್ಕೆ ಐದು ಮೈಕ್ ಕೊಟ್ಟಿತು. ಅಂಗಡಿಯಲ್ಲಿ ಮಾತ್ರ ಅಷ್ಟು ಓಡಲಿಲ್ಲ. ಐದು ಲಕ್ಷ ಪ್ರತಿ ಮುಟ್ಟೋಕೆ 1996 ಬರಬೇಕಾಯಿತು. ಆ ವರ್ಷವೇ ಬಂದ ಎರಡನೇ ಆಲ್ಬಂ 'ಇಟ್ ವಾಸ್ ರಿಟನ್' ನೇರವಾಗಿ ಮಾರಾಟದ ಪಟ್ಟಿಯ ಒಂದನೇ ಜಾಗಕ್ಕೆ ಹೋಗಿ ಇಪ್ಪತ್ತು ಲಕ್ಷ ದಾಟಿತು. ಲಾರಿನ್ ಹಿಲ್ ಜೊತೆ ಹಾಡಿದ ಹಾಡು ಎಲ್ಲ ಕಡೆ ಕೇಳಿಸಿತು. ಮೊದಲಿನ ಅಭಿಮಾನಿಗಳು ಮುಖ ಸಿಂಡರಿಸಿದರು. ರೇಷ್ಮೆ ಅಂಗಿ ಹಾಕಿಕೊಂಡು ಮಾಫಿಯಾ ಕಥೆ ಹೇಳುತ್ತಿದ್ದಾನೆ ಅಂದರು.

ಅವರ ಮಾತಿನಲ್ಲಿ ಸತ್ಯ ಇತ್ತು. ಆದರೆ ಅದೇ ಆಲ್ಬಂನಲ್ಲಿ 'ಐ ಗೇವ್ ಯು ಪವರ್' ಇದೆ. ಆ ಹಾಡಿನಲ್ಲಿ ಮಾತಾಡುವುದು ಒಂದು ಬಂದೂಕು. ತನ್ನನ್ನು ಯಾರು ಯಾರು ಹಿಡಿದರು, ಎಲ್ಲೆಲ್ಲಿ ಬಚ್ಚಿಟ್ಟರು ಅಂತ ಹೇಳುತ್ತದೆ. ಅದಕ್ಕೂ ಸಾಕಾಗಿದೆ. ಕೊನೆಗೊಂದು ದಿನ ಒಡೆಯ ಅದರ ಕುದುರೆ (ಟ್ರಿಗರ್) ಎಳೆದಾಗ ಬೇಕಂತಲೇ ಸಿಕ್ಕಿಹಾಕಿಕೊಳ್ಳುತ್ತದೆ. ಒಡೆಯ ಸಾಯುತ್ತಾನೆ. ಅಬ್ಬಾ ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಕೈ ಅದನ್ನು ನೆಲದಿಂದ ಎತ್ತಿಕೊಳ್ಳುತ್ತದೆ. ಬಂದೂಕಿನ ಬಗ್ಗೆ ಸಾವಿರ ರ‍್ಯಾಪ್ ಹಾಡು ಬಂದಿವೆ. ಬಂದೂಕಿಗೇ ಬೇಸರ ಬಂದ ಹಾಡು ಬೇರೆ ಯಾವುದಿದೆ ಹೇಳಿ?

1999 ಅವನಿಗೆ ಕೆಟ್ಟ ವರ್ಷ. 'ಐ ಆಮ್' ಅಂತ ಎರಡು ಡಿಸ್ಕಿನ ಆಲ್ಬಂ ತಯಾರಾಗಿತ್ತು. ಬಿಡುಗಡೆಗೆ ಮೊದಲೇ ಹಾಡುಗಳು ಎಂಪಿ3 ಆಗಿ ಸೋರಿಹೋದವು. ಸೋರಿದ್ದನ್ನು ಕಿತ್ತು ಹೊಸದನ್ನು ತುಂಬಿದರು. ಅದೇ ವರ್ಷದ ಕೊನೆಗೆ 'ನಾಸ್ಟ್ರಡಾಮಸ್' ಅಂತ ಇನ್ನೊಂದನ್ನು ಗಡಿಬಿಡಿಯಲ್ಲಿ ಹೊರತಂದರು. ಅದನ್ನು ನಾನು ಪೂರ್ತಿ ಎರಡು ಸಲ ಕೇಳಿದ್ದೇನೆ. ಮೂರನೇ ಸಲ ಯಾರೂ ಕೇಳಿಸಬೇಡಿ. ಬೀದಿ ನೋಡುವ ಕಿಟಕಿ ಬಿಟ್ಟು ಕನ್ನಡಿ ಮುಂದೆ ನಿಂತ ನಾಸ್ ನನಗೆ ಅದರಲ್ಲಿ ಕಂಡ.

ಈ ಹೊತ್ತಿಗೆ ಪಕ್ಕದ ಬ್ರೂಕ್ಲಿನ್‌ನಿಂದ ಜೇ-ಝೀ ಅನ್ನುವ ಇನ್ನೊಬ್ಬ ರ‍್ಯಾಪರ್ ಎದ್ದಿದ್ದ. ಅವನು ಬೆಳೆದದ್ದೂ ಸರ್ಕಾರಿ ವಸತಿಯಲ್ಲೇ, ಮಾರ್ಸಿ ಹೌಸಸ್. 2001ರ ಬೇಸಿಗೆಯಲ್ಲಿ ನ್ಯೂಯಾರ್ಕಿನ ಒಂದು ರೇಡಿಯೊ ಕೇಂದ್ರದ ದೊಡ್ಡ ಸಂಗೀತ ಕಛೇರಿಯಲ್ಲಿ ಸಾವಿರಾರು ಜನರ ಮುಂದೆ ಅವನು ನಾಸ್‌ನ ಹೆಸರೆತ್ತಿ ಕೆಣಕಿದ. ಸೆಪ್ಟೆಂಬರ್‌ನಲ್ಲಿ ಪೂರ್ತಿ ಹಾಡು ಬಂತು, 'ಟೇಕೋವರ್'. ಹತ್ತು ವರ್ಷಕ್ಕೆ ಒಂದು ಒಳ್ಳೆ ಆಲ್ಬಂ ಅನ್ನುವುದು ನಿನ್ನ ಸರಾಸರಿ ಅಂದ. ಲೆಕ್ಕ ಹಾಕಿ ತೋರಿಸಿದ. ಅದಕ್ಕಿಂತ ಹರಿತವಾದ ಮಾತು ಇನ್ನೊಂದು ಇತ್ತು. ನೀನು ಆ ಬದುಕನ್ನು ಬದುಕಲಿಲ್ಲ, ಅಪ್ಪ ಅಮ್ಮನ ಮನೆಯಿಂದ ನೋಡಿ ನೋಟ್‌ಬುಕ್‌ನಲ್ಲಿ ಗೀಚಿಕೊಂಡೆ, ಅಷ್ಟೇ, ಅನ್ನುವ ಅರ್ಥದ ಮಾತು.

ಇವತ್ತು ನಾನು ಹೇಳಬೇಕು ಅಂತ ಬಂದದ್ದು ಇದೊಂದೇ. ಜೇ-ಝೀ ಬೈದದ್ದು ಸರಿಯಾಗೇ ಇದೆ. ಬೈಗುಳ ಅಂತ ಹೇಳಿದ್ದಷ್ಟೇ ತಪ್ಪು. ನಾಸ್ ನೋಡಿದವನು. ಜೈಲಿಗೆ ಹೋದವನಲ್ಲ, ಹೋದವರಿಗೆ ಕಾಗದ ಬರೆದವನು. ಕಿಟಕಿಯಲ್ಲಿ ಕೂತು ಬೀದಿಯನ್ನು ನೋಡಿ ನೋಟ್‌ಬುಕ್‌ನಲ್ಲಿ ಬರೆದುಕೊಂಡ. ಎಲ್ಲರೂ ಬೀದಿಗೆ ಇಳಿದಿದ್ದರೆ ಆ ಫೋಟೊದಲ್ಲಿದ್ದವರ ಹೆಸರು ನಮಗೆ ತಲುಪುತ್ತಿತ್ತಾ? ರ‍್ಯಾಪ್‌ನಲ್ಲಿ ನಾನು ಅದನ್ನು ಮಾಡಿದೆ, ಇದನ್ನು ಮಾಡಿದೆ ಅನ್ನುವುದೇ ಬಂಡವಾಳ. ಅಂಥ ಕಡೆ ನೋಡಿದವನು ಅನ್ನಿಸಿಕೊಳ್ಳುವುದು ಅವಮಾನ. ನಮಗೆ ಯಾಕೆ ಅವಮಾನ ಆಗಬೇಕು?

ನಾಸ್‌ಗೆ ಮಾತ್ರ ಉರಿ ಹತ್ತಿತು. 2001ರ ಡಿಸೆಂಬರ್‌ನಲ್ಲಿ 'ಸ್ಟಿಲ್‌ಮ್ಯಾಟಿಕ್' ಆಲ್ಬಂ ಬಂತು, ಅದರಲ್ಲಿ 'ಈಥರ್' ಅನ್ನುವ ಉತ್ತರ ಇತ್ತು. ಅದನ್ನು ನಾನು ಇಲ್ಲಿ ಹಾಕುವುದಿಲ್ಲ, ಮಕ್ಕಳಿದ್ದಾರೆ. ಹೊಲಸು ಜಾಸ್ತಿ ಇದೆ. ಕಸುಬಿನ ಲೆಕ್ಕದಲ್ಲಿ ನೋಡಿದರೆ ಜೇ-ಝೀ ಹಾಡೇ ಬಿಗಿಯಾದದ್ದು ಅಂತ ನನ್ನ ಎಣಿಕೆ. ಆದರೆ ಮೇಳದಲ್ಲಿ ಗೆಲ್ಲುವುದು ಬಿಗಿ ಅಲ್ಲ, ಏಟು. ಯಾರನ್ನಾದರೂ ನೆಲಕಚ್ಚಿಸಿದರೆ 'ಈಥರ್ ಮಾಡಿದ' ಅನ್ನುವ ಮಾತೇ ಬೀದಿಗೆ ಬಂತು. ಜೇ-ಝೀ ಇನ್ನೊಂದು ಹಾಡು ಬಿಟ್ಟ, ಅದು ತೀರಾ ಮನೆಯೊಳಗಿನ ವಿಷಯಕ್ಕೆ ಇಳಿಯಿತು. ಆಗ ಅವನ ತಾಯಿ ಬೈದು, ರೇಡಿಯೊದಲ್ಲಿ ಕ್ಷಮೆ ಕೇಳು ಅಂದರಂತೆ. ಅವನು ಕೇಳಿದ. ಇಡೀ ಜಗಳದಲ್ಲಿ ನನಗೆ ಇಷ್ಟವಾದವರು ಆ ತಾಯಿ.

'ಸ್ಟಿಲ್‌ಮ್ಯಾಟಿಕ್'ನಲ್ಲೇ 'ರಿವೈಂಡ್' ಅಂತ ಒಂದು ಹಾಡಿದೆ. ಒಂದು ಕೊಲೆಯ ಕಥೆಯನ್ನು ಕೊನೆಯಿಂದ ಮೊದಲಿಗೆ ಹೇಳುತ್ತಾನೆ. ಗುಂಡು ಮೈಯಿಂದ ಹೊರಬಂದು ಬಂದೂಕಿನೊಳಗೆ ಹೋಗುತ್ತದೆ. ಜನ ಹಿಂದಕ್ಕೆ ನಡೆಯುತ್ತಾರೆ. ಪ್ರಾಸ ಮಾತ್ರ ಮುಂದಕ್ಕೇ ಓಡುತ್ತದೆ. ಜಗಳದ ಗದ್ದಲದಲ್ಲಿ ಎಷ್ಟೋ ಜನ ಇದನ್ನು ಕೇಳಿಸಿಕೊಳ್ಳಲೇ ಇಲ್ಲ.

2002ರಲ್ಲಿ ಅಮ್ಮ ಸ್ತನ ಕ್ಯಾನ್ಸರ್‌ನಿಂದ ತೀರಿಕೊಂಡರು. ಆ ವರ್ಷದ ಆಲ್ಬಂನಲ್ಲಿ 'ಡ್ಯಾನ್ಸ್' ಅನ್ನುವ ಹಾಡಿದೆ. ಅಮ್ಮನ ಜೊತೆ ಇನ್ನೊಂದೇ ಒಂದು ಸಲ ಕುಣಿಯಬೇಕು ಅನ್ನುವಷ್ಟೇ ಅದರ ಆಸೆ. ಪ್ರಾಸದ ಕಸರತ್ತು ಏನೂ ಇಲ್ಲ. ಹಿಂದೆ ಅಪ್ಪನ ಕಾರ್ನೆಟ್ ಇದೆ. ಬೇರೆಯಾಗಿದ್ದ ಗಂಡ ಹೆಂಡತಿ ಮಗನ ಹಾಡಿನಲ್ಲಿ ಸೇರಿದ ಹಾಗೆ ನನಗೆ ಕೇಳಿಸುತ್ತದೆ. ಅದೇ ಆಲ್ಬಂನ 'ಐ ಕ್ಯಾನ್' ನಿಮ್ಮಲ್ಲಿ ಕೆಲವರು ಕೇಳಿರಬಹುದು. ಬೀಥೋವನ್‌ನ ಪಿಯಾನೊ ತುಣುಕು, ಮಕ್ಕಳ ಕೋರಸ್. ಓದಿದರೆ ಏನು ಬೇಕಾದರೂ ಆಗಬಹುದು ಅನ್ನುವ ಮಾತು. ಎಂಟನೇ ಕ್ಲಾಸಿಗೆ ಬಿಟ್ಟವನ ಬಾಯಲ್ಲಿ!

2005ರ ಅಕ್ಟೋಬರ್‌ನಲ್ಲಿ ಜೇ-ಝೀ ನ್ಯೂಜೆರ್ಸಿಯಲ್ಲಿ ಒಂದು ಸಂಗೀತ ಕಛೇರಿ ಇಟ್ಟ. ಹೆಸರು ಯುದ್ಧ ಸಾರುತ್ತೇನೆ ಅಂತ. ಯಾರ ಮೇಲೆ ಬೀಳುತ್ತಾನೋ ಅಂತ ಜನ ಕಾಯುತ್ತಿದ್ದರೆ ವೇದಿಕೆಗೆ ನಾಸ್‌ನನ್ನು ಕರೆದ. ಕೈ ಕುಲುಕಿದರು. ಮರುವರ್ಷ ನಾಸ್ ಡೆಫ್ ಜ್ಯಾಮ್ ಕಂಪನಿ ಸೇರಿದಾಗ ಅದರ ಅಧ್ಯಕ್ಷ ಅದೇ ಜೇ-ಝೀ.

ಮುಂದಿನ ವರ್ಷಗಳನ್ನು ಬೇಗ ದಾಟುತ್ತೇನೆ. 'ಹಿಪ್‌ಹಾಪ್ ಈಸ್ ಡೆಡ್' ಅಂತ 2006ರಲ್ಲಿ ಆಲ್ಬಂ ಮಾಡಿ ಅರ್ಧ ಅಮೆರಿಕದ ರ‍್ಯಾಪರ್‌ಗಳ ಹತ್ತಿರ ಬೈಸಿಕೊಂಡ. 2008ರಲ್ಲಿ ಕಪ್ಪುಜನರನ್ನು ಹೀಯಾಳಿಸುವ ಪದವನ್ನೇ ಆಲ್ಬಂಗೆ ಹೆಸರಿಡಲು ಹೊರಟ. ಗಲಾಟೆಯಾಗಿ ಕೊನೆಗೆ ಹೆಸರೇ ಇಲ್ಲದೆ ಬಂತು. ತೆರಿಗೆ ಬಾಕಿ ಲಕ್ಷಾಂತರ ಡಾಲರ್‌ಗೆ ಏರಿತು. ಗಾಯಕಿ ಕೆಲಿಸ್ ಜೊತೆಗಿನ ಮದುವೆ 2010ರಲ್ಲಿ ಮುರಿಯಿತು. 2012ರ 'ಲೈಫ್ ಈಸ್ ಗುಡ್' ಮುಖಪುಟದಲ್ಲಿ ಅವಳ ಹಸಿರು ಮದುವೆ ಉಡುಪನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಾನೆ. ನೋಡಿದರೆ ಅಯ್ಯೋ ಪಾಪ ಅನಿಸುತ್ತದೆ. ಆದರೆ 2018ರಲ್ಲಿ ಕೆಲಿಸ್, ಮದುವೆಯಲ್ಲಿ ತನ್ನ ಮೇಲೆ ಅವನು ಕೈ ಮಾಡುತ್ತಿದ್ದ ಅಂತ ಬಹಿರಂಗವಾಗಿ ಹೇಳಿದಳು. ನಾಸ್ ಅಲ್ಲಗಳೆದ. ಅಭಿಮಾನಿ ಅಂತ ನಾನು ಇದನ್ನು ಬಿಟ್ಟು ಮಾತಾಡಿದರೆ ಸರಿಯಲ್ಲ. ಆ ಮುಖಪುಟವನ್ನು ಈಗ ಮೊದಲಿನ ಹಾಗೆ ನೋಡೋಕೆ ನನಗೆ ಆಗುವುದಿಲ್ಲ.

2013ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯ ಹಿಪ್‌ಹಾಪ್ ಅಧ್ಯಯನಕ್ಕೆ ನಾಸಿರ್ ಜೋನ್ಸ್ ಹೆಸರಿನಲ್ಲಿ ಫೆಲೋಶಿಪ್ ಶುರುಮಾಡಿತು. 2014ರಲ್ಲಿ ವಾಷಿಂಗ್ಟನ್‌ನ ಕೆನಡಿ ಸೆಂಟರ್‌ನಲ್ಲಿ ನ್ಯಾಷನಲ್ ಸಿಂಫನಿ ಆರ್ಕೆಸ್ಟ್ರಾ ಜೊತೆ 'ಇಲ್‌ಮ್ಯಾಟಿಕ್' ಹಾಡಿದ. ಈ ನಡುವೆ ಸದ್ದಿಲ್ಲದೆ ಬಂಡವಾಳ ಹೂಡುವ ಕೆಲಸಕ್ಕೂ ಇಳಿದಿದ್ದ. ಕಂಪನಿಯ ಹೆಸರು ಕ್ವೀನ್ಸ್‌ಬ್ರಿಡ್ಜ್ ವೆಂಚರ್ ಪಾರ್ಟ್‌ನರ್ಸ್. ಬಾಗಿಲಿಗೆ ಕ್ಯಾಮೆರಾ ಹಾಕುವ ರಿಂಗ್, ಔಷಧಿ ಮನೆಗೆ ಕಳಿಸುವ ಪಿಲ್‌ಪ್ಯಾಕ್, ಎರಡರಲ್ಲೂ ದುಡ್ಡು ಹಾಕಿದ್ದ. ಎರಡನ್ನೂ 2018ರಲ್ಲಿ ಅಮೆಜಾನ್ ಕೊಂಡುಕೊಂಡಿತು. ಲಿಫ್ಟ್ ನಿಲ್ಲದ ಮಹಡಿಗಳ ಹೆಸರು ಈಗ ಸಿಲಿಕಾನ್ ವ್ಯಾಲಿಯ ಕಾಗದಪತ್ರಗಳಲ್ಲಿದೆ.

ಭಾರತಕ್ಕೂ ಅವನ ನಂಟು ಇದೆ. 2019ರ 'ಗಲ್ಲಿ ಬಾಯ್' ಸಿನಿಮಾದ ಕಾರ್ಯಕಾರಿ ನಿರ್ಮಾಪಕರಲ್ಲಿ ಅವನೂ ಒಬ್ಬ. ಮುಂಬೈಯ ರ‍್ಯಾಪರ್‌ಗಳಾದ ಡಿವೈನ್, ನೇಝಿ ಜೊತೆ ಒಂದು ಹಾಡಿನಲ್ಲಿ ದನಿ ಸೇರಿಸಿದ. ಅದೇ ವರ್ಷ ಅವನ ಮಾಸ್ ಅಪೀಲ್ ಅನ್ನುವ ರೆಕಾರ್ಡ್ ಕಂಪನಿ ಭಾರತದಲ್ಲಿ ಶಾಖೆ ತೆರೆದು ಡಿವೈನ್‌ನನ್ನು ಸೇರಿಸಿಕೊಂಡಿತು. ಕನ್ನಡದಲ್ಲೂ ರ‍್ಯಾಪ್ ಈಗ ಮದುವೆ ಆರ್ಕೆಸ್ಟ್ರಾದವರೆಗೆ ಬಂದಿದೆ. ಚಂದನ್ ಶೆಟ್ಟಿ, ಆಲ್ ಓಕೆ ಹಾಡು ಬಾರದ ಕಾಲೇಜು ಹುಡುಗರಿಲ್ಲ. ಕುಣಿಯೋಕೆ ಒಳ್ಳೆ ಹಾಡುಗಳೇ. ಬೆಂಗಳೂರಿನ ಯಾವುದೋ ಕೊಳೆಗೇರಿ ಮಂಡಳಿಯ ಕಟ್ಟಡದ ಕಿಟಕಿಯಲ್ಲಿ ಕೂತು ಕೆಳಗಿನ ಬೀದಿಯನ್ನು ಬರೆಯುವ ಹುಡುಗಿಗೋ ಹುಡುಗನಿಗೋ ನಾನು ಕಾಯುತ್ತಾ ಇದ್ದೇನೆ. ಸುಮ್ನೆ ಆಸೆ.

ಕೊನೆಯ ಅಧ್ಯಾಯ ಯಾರೂ ಎಣಿಸದ ಹಾಗೆ ಬಂತು. 2020ರಲ್ಲಿ, ನಲವತ್ತಾರನೇ ವಯಸ್ಸಿನಲ್ಲಿ, ಹಿಟ್-ಬಾಯ್ ಅನ್ನುವ ಹದಿನಾಲ್ಕು ವರ್ಷ ಚಿಕ್ಕ ನಿರ್ಮಾಪಕನ ಜೊತೆ ಸೇರಿದ. ನಾಲ್ಕು ವರ್ಷದೊಳಗೆ ಆರು ಆಲ್ಬಂ. ಅದರಲ್ಲಿ ಮೊದಲನೆಯದು 'ಕಿಂಗ್ಸ್ ಡಿಸೀಸ್'. ಅದಕ್ಕೆ 2021ರಲ್ಲಿ ಗ್ರ್ಯಾಮಿ ಬಂತು. ಅವನ ಮೊದಲ ಗ್ರ್ಯಾಮಿ. ಅದಕ್ಕೂ ಮೊದಲು ಹದಿಮೂರು ಸಲ ಹೆಸರು ಪಟ್ಟಿಗೆ ಹೋಗಿ ಬರಿಗೈಲಿ ಬಂದಿತ್ತು. ಅದೇ ವರ್ಷ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಿಡಬೇಕಾದ ಧ್ವನಿಮುದ್ರಣಗಳ ಪಟ್ಟಿಗೆ 'ಇಲ್‌ಮ್ಯಾಟಿಕ್' ಸೇರಿಸಿತು. 2023ರ ಆಗಸ್ಟ್ 11ರಂದು ಹಿಪ್‌ಹಾಪ್‌ಗೆ ಐವತ್ತು ತುಂಬಿದಾಗ ಬ್ರಾಂಕ್ಸ್‌ನ ಯಾಂಕಿ ಸ್ಟೇಡಿಯಂನಲ್ಲಿ ಜಾತ್ರೆ ನಡೆಯಿತು. ಅದರಲ್ಲಿ ಅವನೂ ಹಾಡಿದ. ತಿಂಗಳಾದ ಮೇಲೆ ಅವನಿಗೂ ಐವತ್ತು. ಆ ದಿನವೇ ಆರನೇ ಆಲ್ಬಂ ಬಂತು.

ಈ ಆರರಲ್ಲಿ ಯಾವುದೂ 'ಇಲ್‌ಮ್ಯಾಟಿಕ್' ಆಗಿಲ್ಲ. ಆಗಬೇಕು ಅನ್ನುವ ಹಟವೂ ಅದರಲ್ಲಿ ಕೇಳಿಸುವುದಿಲ್ಲ. ಸತ್ತುಹೋದ ಗೆಳೆಯರು, ಬೆಳೆದ ಮಕ್ಕಳು, ಕೈಗೆ ಬಂದ ದುಡ್ಡು, ಊದಿದ ಮಂಡಿ. ಮತ್ತೆ ಕಿಟಕಿಗೆ ಬಂದು ಕೂತಿದ್ದಾನೆ. ಬೀದಿ ಬೇರೆ ಅಷ್ಟೇ.

ಮಾತು ಮುಗಿದ ಮೇಲೆ ಪ್ರಶ್ನೆಗಳು ಬಂದವು. ಅಷ್ಟೊಂದು ಬೈಗುಳ ಯಾಕೆ, ಹೆಣ್ಣುಮಕ್ಕಳ ಬಗ್ಗೆ ಹಾಗೆಲ್ಲ ಯಾಕೆ ಅಂತ ಒಬ್ಬ ಮೇಡಂ ಕೇಳಿದರು. ಬೀದಿಯ ಭಾಷೆ ಅಂತ ಒಂದಿಷ್ಟಕ್ಕೆ ಸಮಜಾಯಿಷಿ ಕೊಡಬಹುದು, ಉಳಿದದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ ಮೇಡಂ, ಕೆಲವು ಸಾಲು ಬಂದಾಗ ನಾನೇ ಮುಂದಕ್ಕೆ ಓಡಿಸುತ್ತೇನೆ ಅಂದೆ. ಅವರು ತಲೆ ಆಡಿಸಿದರು. ಒಪ್ಪಿಗೆ ಇರಲಿಲ್ಲ ಅದರಲ್ಲಿ.

ಪಿಯುಸಿ ಹುಡುಗಿಯೊಬ್ಬಳು, ಶುರು ಮಾಡೋದಾದರೆ ಯಾವ ಹಾಡು ಕೇಳಲಿ ಅಂದಳು. 'ಇಲ್‌ಮ್ಯಾಟಿಕ್'ನ ಮೂರನೇ ತುಣುಕು ಅಂದೆ. ಹೆಸರು ಕೆಟ್ಟದಾಗಿದೆ, ಅದನ್ನು ಬಿಡು. ಮೊದಲು ಎಝೀ ಅನ್ನುವ ಗೆಳೆಯ ಹಾಡುತ್ತಾನೆ. ಆಮೇಲೆ ನಾಸ್ ಬರುತ್ತಾನೆ, ಇಪ್ಪತ್ತು ತುಂಬಿದ ದಿನದ ಬಗ್ಗೆ ಹೇಳುತ್ತಾನೆ. ಇಷ್ಟು ದಿನ ಬದುಕಿದ್ದೇ ಆಶ್ಚರ್ಯ ಅನ್ನುವ ಧಾಟಿ. ಮಾತೆಲ್ಲ ಮುಗಿದ ಮೇಲೆ ಕಾರ್ನೆಟ್ ಬರುತ್ತದೆ. ನುಡಿಸುತ್ತಿರುವುದು ಓಲು ದಾರಾ.

ಹೇಗೂ ಸ್ಪೀಕರ್ ಇತ್ತು, ಹಾಕಿದೆವು. ಮುಂದಿನ ಸಾಲಿನ ಹಿರಿಯರು ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಪಕ್ಕದವರಿಗೆ ಹೇಳಿದರು: "ಹುಡುಗರು ಮಾತು ಮುಗಿಸೋವರೆಗೂ ಅಪ್ಪ ಕಾಯ್ತಾನೆ ನೋಡಿ."